‘ಮುಚ್ಚುತ್ತೆ’ ಅಂದ್ರೆ ಈಗ ಮುಚ್ಚಿದೆ ಅಂತಲ್ಲ

ಇಂಗ್ಲಿಷ್ ವ್ಯಾಕರಣದಲ್ಲಿ ನಾವೆಲ್ಲ ಮೊದಲು ಕಲಿತ ಕಾಲ ಸಿಂಪಲ್ ಪ್ರೆಸೆಂಟ್. ಮೇಷ್ಟ್ರು ಬೋರ್ಡಿನ ಮೇಲೆ ‘ರಾಮ ಗೋಸ್ ಟು ಸ್ಕೂಲ್’ ಅಂತ ಬರೆದು, ಪಕ್ಕದಲ್ಲಿ ‘ರಾಮನು ಶಾಲೆಗೆ ಹೋಗುತ್ತಾನೆ’ ಅಂತ ಬರೆದು, ‘ಎಸ್’ ಅಕ್ಷರದ ಕೆಳಗೆ ಎರಡು ಗೆರೆ ಎಳೀತಿದ್ರು. ಆ ಎಸ್ ಬಿಟ್ಟವರಿಗೆ ಬೈಗುಳ ಗ್ಯಾರಂಟಿ. ಹಾಗಾಗಿ ಇಡೀ ಕ್ಲಾಸಿನ ಗಮನ ಎಸ್ ಮೇಲೆ. ರಾಮ ಈಗ ಎಲ್ಲಿದ್ದಾನೆ ಅಂತ ಯಾರೂ ಕೇಳಲಿಲ್ಲ.

ನೀವು ಈಗ ಕೇಳಿ ನೋಡಿ. ‘ರಾಮ ಗೋಸ್ ಟು ಸ್ಕೂಲ್’ ಅಂದಾಗ ರಾಮ ಶಾಲೆಯಲ್ಲಿ ಇರಬೇಕಿಲ್ಲ, ದಾರಿಯಲ್ಲೂ ಇರಬೇಕಿಲ್ಲ. ಭಾನುವಾರ ಮಧ್ಯಾಹ್ನ ಅವನು ಗೊರಕೆ ಹೊಡೀತಾ ಮಲಗಿದ್ದರೂ ಆ ವಾಕ್ಯ ನಿಜ. ‘ಇಟ್ ರೇನ್ಸ್ ಎ ಲಾಟ್ ಇನ್ ಆಗುಂಬೆ’ ಅನ್ನೋದು ಏಪ್ರಿಲ್ ಬಿಸಿಲಿನಲ್ಲೂ ನಿಜ. ಅಂದರೆ ಪ್ರೆಸೆಂಟ್ ಅಂತ ಹೆಸರಿಟ್ಟುಕೊಂಡಿರುವ ಈ ಕಾಲ ಪ್ರೆಸೆಂಟ್ ಬಗ್ಗೆ ಹೆಚ್ಚೇನೂ ಹೇಳೋದೇ ಇಲ್ಲ. ಅದು ಹೇಳುವುದು ಒಂದು ರೂಢಿಯನ್ನು, ಒಂದು ಸ್ವಭಾವವನ್ನು: ಇದು ಹೀಗೇ, ಇದುವರೆಗೂ ಹೀಗೇ ಇತ್ತು, ಇನ್ನು ಮುಂದೂ ಹೀಗೇ ಇರುತ್ತೆ. ಹಿಂದಿನದಕ್ಕೆ ಸಾಕ್ಷಿ, ಮುಂದಿನದಕ್ಕೆ ಭರವಸೆ, ಎರಡನ್ನೂ ಒಂದೇ ಎಸ್ ಅಕ್ಷರದಲ್ಲಿ ಕಟ್ಟಿ ಕೊಟ್ಟುಬಿಡುತ್ತೆ. ಅಷ್ಟು ದೊಡ್ಡ ಮಾತನ್ನು ಅಷ್ಟು ಸಲೀಸಾಗಿ ಆಡುವ ಅಧಿಕಾರ ನಮಗೆ ಎಲ್ಲಿಂದ ಬಂತು ಅನ್ನೋದು ಈ ಬರಹದ ಪ್ರಶ್ನೆ. ನೋಡೋಕೆ ವ್ಯಾಕರಣದ ಪ್ರಶ್ನೆ. ನನ್ನ ಪ್ರಕಾರ ಇದು ನೀತಿಯ ಪ್ರಶ್ನೆ.

ನನ್ನ ತಲೆಯಲ್ಲಿ ಇದು ಹುಟ್ಟಿದ್ದು ಸೌದಿ ಅರೇಬಿಯಾದ ರಾಬಿಗ್ ಎಂಬ ಊರಲ್ಲಿ. ಜೆಡ್ಡಾದಿಂದ ಉತ್ತರಕ್ಕೆ ಸುಮಾರು 150 ಕಿಲೋಮೀಟರ್, ಕೆಂಪು ಸಮುದ್ರದ ದಡ. ತೀರ್ಥಯಾತ್ರಿಕರಿಗೆ ಇದು ಬಹಳ ಹಳೆಯ ಹೆಸರು: ಈಜಿಪ್ಟ್, ಸಿರಿಯಾ ಕಡೆಯಿಂದ ಹಜ್‌ಗೆ ಬರುವವರು ಇಹ್ರಾಮ್ ಉಡುವ ಜುಹ್ಫಾ ಎಂಬ ಜಾಗ ಇಲ್ಲೇ ಹತ್ತಿರ. ಕೆಲಸಕ್ಕೆ ಬರುವವರಿಗೆ ಈ ಊರು ಅಂದರೆ ಪೆಟ್ರೊ ರಾಬಿಗ್, ಅಂದರೆ ಸೌದಿ ಅರಾಮ್ಕೊ ಮತ್ತು ಜಪಾನಿನ ಸುಮಿಟೊಮೊ ಕೆಮಿಕಲ್ 2005ರಲ್ಲಿ ಸೇರಿ ಹುಟ್ಟುಹಾಕಿದ ದೈತ್ಯ ರಿಫೈನರಿ ಮತ್ತು ಪೆಟ್ರೋಕೆಮಿಕಲ್ ಸಂಕೀರ್ಣ. ನಾನಿದ್ದದ್ದು ಅದರಲ್ಲಲ್ಲ. ಹತ್ತಿರದ ತುವಲ್‌ನಲ್ಲಿರುವ ಕಿಂಗ್ ಅಬ್ದುಲ್ಲಾ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದಲ್ಲಿ ಎಂ.ಎಸ್. ಮುಗಿಸಿ, ಅಲ್ಲಿಂದ ರಾಬಿಗ್‌ನ ಒಂದು ಸಣ್ಣ ಗುತ್ತಿಗೆ ಕಂಪನಿಗೆ ಸೇರಿದ್ದೆ. ಪಂಪು, ವಾಲ್ವು, ಕಂಪ್ರೆಸರ್‌ಗಳು ಯಾವಾಗ ಕೆಡಬಹುದು ಅಂತ ಮೊದಲೇ ಊಹಿಸುವ ಮಾಡೆಲ್ ಕಟ್ಟೋದು ಕೆಲಸ.

ಸೆನ್ಸರ್ ಡೇಟಾ ಸುಲಭ. ಕಷ್ಟ ಆದದ್ದು ಶಿಫ್ಟ್ ಲಾಗ್. ರಾತ್ರಿ ಪಾಳಿಯವರು ಬೆಳಗಿನ ಪಾಳಿಯವರಿಗೆ ಬರೆದಿಟ್ಟು ಹೋಗುವ ನಾಲ್ಕೈದು ಸಾಲು. ಬರೆಯೋರು ಭಟ್ಕಳದವರು, ಮಂಗಳೂರಿನವರು, ಕೇರಳದವರು, ಫಿಲಿಪೈನ್ಸಿನವರು, ಪಾಕಿಸ್ತಾನದವರು, ಸೌದಿಯವರೇ ಆದ ಹುಡುಗರು. ಎಲ್ಲರದೂ ಇಂಗ್ಲಿಷೇ, ಆದರೆ ಒಬ್ಬೊಬ್ಬರದು ಒಂದೊಂದು ಇಂಗ್ಲಿಷು. ‘ಪಂಪ್ ರನ್ಸ್ ನಾರ್ಮಲ್’ ಅಂತ ಒಬ್ಬ. ‘ಪಂಪ್ ಈಸ್ ರನ್ನಿಂಗ್’ ಅಂತ ಇನ್ನೊಬ್ಬ. ‘ವಾಲ್ವ್ ಕ್ಲೋಸಸ್’ ಅಂತ ಮತ್ತೊಬ್ಬ. ಕಂಪ್ಯೂಟರಿಗೆ ಇದನ್ನೆಲ್ಲ ಕಲಿಸಬೇಕಾದರೆ ಪ್ರತಿ ಸಾಲಿಗೂ ಒಂದು ಲೇಬಲ್ ಅಂಟಿಸಬೇಕು: ಇದು ಕಣ್ಣಾರೆ ಕಂಡಿದ್ದಾ, ಇಲ್ಲಾ ಈ ಯಂತ್ರದ ಸ್ವಭಾವ ಹೀಗೆ ಅಂತ ಹೇಳಿದ್ದಾ? ‘ವಾಲ್ವ್ ಕ್ಲೋಸಸ್’ ಅಂದರೆ ನಾನು ನೋಡಿದೆ, ಮುಚ್ಚಿಕೊಳ್ತು ಅಂತಲೋ? ಮುಚ್ಚಬೇಕಾದಾಗ ಮುಚ್ಚುವಂಥ ವಾಲ್ವ್ ಅಂತಲೋ? ಲೇಬಲ್ ಮಾಡಲು ಕೂತವರು ಒಂದೇ ಸಾಲಿನ ಮೇಲೆ ಅರ್ಧ ಗಂಟೆ ಜಗಳ ಆಡೋರು. ಹೊರಗಿನವರಿಗೆ ಇದು ತಲೆಕೆಟ್ಟವರ ಜಗಳದ ಹಾಗೆ ಕಾಣಬಹುದು.

ಆದರೆ ಭೋಪಾಲ್ ನೆನಪು ಮಾಡಿಕೊಳ್ಳಿ. 1984ರ ಡಿಸೆಂಬರ್ 2ರ ರಾತ್ರಿ, ಯೂನಿಯನ್ ಕಾರ್ಬೈಡ್ ಕಾರ್ಖಾನೆಯ ಟ್ಯಾಂಕಿನಿಂದ ಮೀಥೈಲ್ ಐಸೊಸೈನೇಟ್ ಹೊರಬಂತು. ಆ ಕಾರ್ಖಾನೆಯಲ್ಲಿ ಸುರಕ್ಷತಾ ವ್ಯವಸ್ಥೆಯೇ ಇರಲಿಲ್ಲ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ, ಒಂದಲ್ಲ ಮೂರ್ನಾಲ್ಕು ಇದ್ದವು. ಟ್ಯಾಂಕನ್ನು ತಣ್ಣಗಿಡಲು ಶೀತಲೀಕರಣ ಘಟಕ. ತಪ್ಪಿಸಿಕೊಂಡ ಅನಿಲವನ್ನು ಕಾಸ್ಟಿಕ್ ಸೋಡಾದಲ್ಲಿ ತೊಳೆಯುವ ಸ್ಕ್ರಬ್ಬರ್. ಅದನ್ನೂ ದಾಟಿದರೆ ಸುಟ್ಟುಹಾಕಲು ಫ್ಲೇರ್ ಗೋಪುರ. ಕೊನೆಗೆ ನೀರಿನ ಪರದೆ. ಇವನ್ನು ಇಂಗ್ಲಿಷಿನಲ್ಲಿ ಹೇಗೆ ವಿವರಿಸ್ತೀರಿ? ಸಿಂಪಲ್ ಪ್ರೆಸೆಂಟಿನಲ್ಲೇ. ಘಟಕ ತಣ್ಣಗಿಡುತ್ತದೆ, ಸ್ಕ್ರಬ್ಬರ್ ತಟಸ್ಥಗೊಳಿಸುತ್ತದೆ, ಫ್ಲೇರ್ ಸುಡುತ್ತದೆ. ಯಾವ ಕಾರ್ಖಾನೆಯ ಕೈಪಿಡಿಯಾದರೂ ಹೀಗೇ ಬರೆದಿರುತ್ತೆ. ಆ ರಾತ್ರಿಯ ಸ್ಥಿತಿ ಏನು? ಶೀತಲೀಕರಣ ಘಟಕವನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಲಾಗಿತ್ತು. ಸ್ಕ್ರಬ್ಬರ್ ಚಾಲನೆಯಲ್ಲಿರಲಿಲ್ಲ, ಸುಮ್ಮನೆ ಸಿದ್ಧ ಸ್ಥಿತಿಯಲ್ಲಿ ಇಟ್ಟಿದ್ದರು. ಫ್ಲೇರ್‌ಗೆ ಹೋಗುವ ಪೈಪಿನ ಒಂದು ತುಂಡನ್ನು ರಿಪೇರಿಗೆ ಬಿಚ್ಚಿದ್ದರು. ನೀರಿನ ಧಾರೆ ಅನಿಲ ಹೊರಬರುತ್ತಿದ್ದ ಎತ್ತರವನ್ನು ಮುಟ್ಟಲಿಲ್ಲ.

ಇಲ್ಲಿ ಕಾಗದದ ಮೇಲಿನ ಒಂದು ವಾಕ್ಯವನ್ನೂ ನೀವು ಸುಳ್ಳು ಅನ್ನೋಕಾಗಲ್ಲ. ಸ್ಕ್ರಬ್ಬರ್ ಅನ್ನೋದು ಅನಿಲವನ್ನು ತಟಸ್ಥಗೊಳಿಸುವ ಯಂತ್ರವೇ, ಭಾನುವಾರ ಮಲಗಿರುವ ರಾಮ ಶಾಲೆಗೆ ಹೋಗುವ ಹುಡುಗನೇ ಆಗಿರುವ ಹಾಗೆ. ವಾಕ್ಯ ನಿಜವಾಗಿ ಉಳಿದು ಊರು ಸಾಯಬಹುದು. ಭೋಪಾಲಿನ ದುರಂತಕ್ಕೆ ವ್ಯಾಕರಣ ಕಾರಣ ಅಂತ ನಾನು ಹೇಳ್ತಿಲ್ಲ. ಕಾರಣ ದುಡ್ಡು ಉಳಿಸುವ ನಿರ್ಧಾರಗಳು, ಅವನ್ನು ತೆಗೆದುಕೊಂಡ ಮನುಷ್ಯರು. ಆದರೆ ಅಂಥ ನಿರ್ಧಾರಗಳು ಬಚ್ಚಿಟ್ಟುಕೊಳ್ಳಲು ಇದಕ್ಕಿಂತ ಒಳ್ಳೆಯ ಜಾಗ ಭಾಷೆಯಲ್ಲಿಲ್ಲ. ನಾಲ್ಕು ವರ್ಷದ ನಂತರ, 1988ರ ಜುಲೈ 6ರಂದು ಉತ್ತರ ಸಮುದ್ರದ ಪೈಪರ್ ಆಲ್ಫಾ ತೈಲ ವೇದಿಕೆಯಲ್ಲಿ 167 ಜನ ಸತ್ತರು. ಒಂದು ಪಂಪಿನ ಸುರಕ್ಷತಾ ವಾಲ್ವನ್ನು ಹಗಲು ಪಾಳಿಯವರು ಪರೀಕ್ಷೆಗೆ ಬಿಚ್ಚಿದ್ದರು, ಆ ಸುದ್ದಿ ರಾತ್ರಿ ಪಾಳಿಗೆ ಸರಿಯಾಗಿ ದಾಟಲಿಲ್ಲ, ಇನ್ನೊಂದು ಪಂಪು ನಿಂತಾಗ ಇದನ್ನು ಚಾಲೂ ಮಾಡಿದರು. ಪಾಳಿಯಿಂದ ಪಾಳಿಗೆ ಬರೆದಿಟ್ಟು ಹೋಗುವ ನಾಲ್ಕು ಸಾಲಿನ ಬೆಲೆ ಏನು ಅಂತ ರಾಬಿಗ್‌ನಲ್ಲಿ ಯಾರಿಗೂ ವಿವರಿಸಬೇಕಿರಲಿಲ್ಲ. ಅದಕ್ಕೇ ಆ ಅರ್ಧ ಗಂಟೆಯ ಜಗಳ.

ಈಗ ಕನ್ನಡಕ್ಕೆ ಬರೋಣ. ಮೇಷ್ಟ್ರು ‘ಗೋಸ್’ ಪಕ್ಕದಲ್ಲಿ ‘ಹೋಗುತ್ತಾನೆ’ ಅಂತ ಬರೆದರಲ್ಲ, ಅವೆರಡು ಸಮ ಅಲ್ಲ. ‘ದಿನಾ ಹೋಗ್ತಾನೆ’ ಅನ್ನಿ, ‘ನಾಳೆ ಹೋಗ್ತಾನೆ’ ಅನ್ನಿ, ಕ್ರಿಯಾಪದ ಒಂದೇ. ಶಾಲೆಯ ವ್ಯಾಕರಣದಲ್ಲಿ ಭವಿಷ್ಯತ್ ಕಾಲಕ್ಕೆ ‘ಹೋಗುವನು’ ಅಂತ ಇದೆ, ಆದರೆ ಸಂತೆಯಲ್ಲೋ ಬಸ್ ಸ್ಟ್ಯಾಂಡಿನಲ್ಲೋ ಹಾಗೆ ಮಾತಾಡೋರನ್ನು ನೀವು ಕಂಡಿದ್ದೀರಾ? ಹದಿಮೂರನೇ ಶತಮಾನದಲ್ಲಿ ‘ಶಬ್ದಮಣಿದರ್ಪಣ’ ಬರೆದ ಕೇಶಿರಾಜ ಮೂರು ಕಾಲಕ್ಕೆ ಮೂರು ಪ್ರತ್ಯಯ ಹೇಳಿದ್ದ: ಭೂತಕ್ಕೆ ದ, ವರ್ತಮಾನಕ್ಕೆ ದಪ, ಭವಿಷ್ಯತ್ತಿಗೆ ವ. ಆ ದಪ ಈಗ ಎಲ್ಲೂ ಇಲ್ಲ. ನಮ್ಮ ಕಾಲದ ಡಿ. ಎನ್. ಶಂಕರ ಭಟ್ಟರು, ಸಂಸ್ಕೃತದ ಅಚ್ಚಿನಿಂದ ಬಿಡಿಸಿ ನೋಡಿದರೆ ಕನ್ನಡದಲ್ಲಿ ನಿಜವಾಗಿ ಇರುವ ವ್ಯತ್ಯಾಸ ಎರಡೇ ಅಂತ ವಾದಿಸಿದರು: ಆಗಿಹೋದದ್ದು, ಮತ್ತು ಉಳಿದದ್ದೆಲ್ಲ. ನನಗೆ ಈ ವಾದ ಬಹಳ ಹಿಡಿಸುತ್ತೆ, ಯಾಕಂದ್ರೆ ಇದು ನಮ್ಮ ಕಿವಿಗೆ ಕೇಳಿಸುವುದನ್ನೇ ಹೇಳುತ್ತೆ. ‘ವಾಲ್ವ್ ಮುಚ್ಚುತ್ತೆ’ ಅಂದಾಗ ಕನ್ನಡದ ಕಿವಿಗೆ ‘ಮುಂದೆ ಮುಚ್ಚುತ್ತೆ’ ಅನ್ನೋದೂ ಸೇರಿಯೇ ಕೇಳುತ್ತೆ. ಈಗ ಮುಚ್ಚಿಕೊಂಡಿದೆ ಅಂತ ಹೇಳಬೇಕಾದರೆ ‘ಮುಚ್ಚಿದೆ’ ಅಂತೀವಿ. ಅಂದರೆ ಈಗಿನ ಸ್ಥಿತಿಯನ್ನು ಹೇಳೋಕೆ ಭೂತಕಾಲದ ಬುಡ ಬೇಕು. ಆಗಿದ್ದರ ಮೇಲೇ ಈಗ ನಿಂತಿರುವುದು ಅನ್ನುವ ತಿಳಿವಳಿಕೆ ಕ್ರಿಯಾಪದದ ಒಳಗೇ ಇದೆ.

ರಾಬಿಗ್‌ನ ಮೂರನೇ ಭಾಷೆ ಅರಬ್ಬಿಯೂ ಈ ವಿಷಯದಲ್ಲಿ ನಮ್ಮ ನೆಂಟ. ಅಲ್ಲೂ ಮುಖ್ಯ ರೂಪಗಳು ಎರಡು: ಆಗಿಹೋದದ್ದಕ್ಕೆ ಮಾದೀ, ಆಗುತ್ತಿರುವ, ಆಗುವ, ರೂಢಿಯಲ್ಲಿರುವ ಎಲ್ಲದಕ್ಕೂ ಮುದಾರಿ. ಮುದಾರಿ ಅಂದರೆ ‘ಹೋಲುವಂಥದ್ದು’ ಅಂತ ಅರ್ಥ. ಹಳೆಯ ಅರಬ್ಬಿ ವೈಯಾಕರಣರು ಈ ಕ್ರಿಯಾರೂಪದ ಕೊನೆಯ ಸ್ವರಗಳು ನಾಮಪದದ ಹಾಗೆ ಬದಲಾಗೋದನ್ನು ಕಂಡು, ಇದು ನಾಮಪದವನ್ನು ಹೋಲುತ್ತೆ ಅಂತ ಆ ಹೆಸರಿಟ್ಟರು. ಅವರು ಹೇಳಿದ್ದು ರೂಪದ ಹೋಲಿಕೆ ಮಾತ್ರ. ಆದರೆ ಯೋಚನೆ ಮಾಡಿ, ‘ಅವನು ಕುಡೀತಾನೆ’ ಅನ್ನೋದಕ್ಕೂ ‘ಅವನು ಕುಡುಕ’ ಅನ್ನೋದಕ್ಕೂ ಎಷ್ಟು ದೂರ? ಕ್ರಿಯಾಪದ ಇನ್ನೇನು ಬಿರುದಾಗುವ ಅಂಚಿನಲ್ಲಿ ನಿಂತಿರುತ್ತೆ.

ನಿಮಗೆ ಇನ್ನೊಂದು ಜೋಡಿ ಪದ ತೋರಿಸಬೇಕು: ‘ಇದ್ದೀನಿ’ ಮತ್ತು ‘ಇರ್ತೀನಿ’. ‘ಎಲ್ಲಿದ್ದೀರಾ?’ ಅಂದರೆ ಈ ಕ್ಷಣ ಎಲ್ಲಿ. ‘ಎಲ್ಲಿರ್ತೀರಾ?’ ಅಂದರೆ ನಿಮ್ಮ ವಾಸ ಎಲ್ಲಿ. ಪಾಡ್‌ಕಾಸ್ಟ್ ಕೇಳ್ತಿರೋರು ಎರಡನ್ನೂ ಒಮ್ಮೆ ಜೋರಾಗಿ ಹೇಳಿ ನೋಡಿ, ವ್ಯತ್ಯಾಸ ಬಾಯಿಗೇ ಗೊತ್ತಾಗುತ್ತೆ. ಇಂಗ್ಲಿಷಿನವರು ಇದೇ ವ್ಯತ್ಯಾಸವನ್ನು ‘ಐ ಲಿವ್’ ಮತ್ತು ‘ಐ ಆಮ್ ಲಿವಿಂಗ್’ ಎಂದು ಮಾಡ್ತಾರೆ. ಮೊದಲನೆಯದು ನೆಲೆ, ಎರಡನೆಯದು ತಾತ್ಕಾಲಿಕ ಬಿಡಾರ. ಭಾರತೀಯರ ಇಂಗ್ಲಿಷನ್ನು ಆಡಿಕೊಳ್ಳೋರಿಗೆ ಸಿಗುವ ಮೊದಲ ತುತ್ತೇ ಇದು: ನಾವು ಬೇಕಾದ್ದಕ್ಕೂ ಬೇಡದ್ದಕ್ಕೂ ‘ಇಂಗ್’ ಹಚ್ಚುತ್ತೇವೆ, ‘ಐ ಆಮ್ ಹ್ಯಾವಿಂಗ್ ಟೂ ಚಿಲ್ಡ್ರನ್’ ಅಂತೀವಿ ಅನ್ನುವ ತಮಾಷೆ. ರಾಬಿಗ್‌ನಲ್ಲಿ ಉತ್ತರ ಕನ್ನಡದ ಒಬ್ಬ ಹಿರಿಯ ಫಿಟ್ಟರ್ ಇದ್ದರು. ಇಪ್ಪತ್ತೆರಡು ವರ್ಷ ಆ ಊರಲ್ಲಿ. ಕಂಪನಿಯವರು ಏರ್ಪಡಿಸಿದ್ದ ಇಂಗ್ಲಿಷ್ ತರಬೇತಿಯಲ್ಲಿ ಅವರು ‘ಐ ಆಮ್ ಲಿವಿಂಗ್ ಇನ್ ರಾಬಿಗ್’ ಅಂದರು. ತರಬೇತಿ ಕೊಡಲು ಬಂದಿದ್ದ ಯುವಕ ನಯವಾಗಿಯೇ ತಿದ್ದಿದ: ಇಪ್ಪತ್ತೆರಡು ವರ್ಷ ಆಗಿದ್ದರೆ ‘ಐ ಲಿವ್’ ಅನ್ನಬೇಕು ಸರ್. ಅವರು ಬರೆದುಕೊಂಡರು. ಹೊರಗೆ ಬಂದು ನನಗೆ ಹೇಳಿದ್ದು ಹೀಗೆ: ‘ಅಲ್ಲ ಮಾರಾಯ, ಇಕಾಮಾ ವರ್ಷ ವರ್ಷ ರಿನ್ಯೂ ಆಗ್ಬೇಕು. ಕೆಲಸ ಹೋದ್ರೆ ಇಕಾಮಾ ಹೋಯ್ತು. ಲಿವ್ ಅಂತ ಹೇಳೂಕೆ ನಂಗೆ ಹೇಗೆ ಧೈರ್ಯ ಬರ್ತದೆ?’

ವ್ಯಾಕರಣ ಪುಸ್ತಕದ ಪ್ರಕಾರ ಆ ಯುವಕ ಸರಿ. ಆದರೆ ಟೆನ್ಸ್ ಅನ್ನು ನಿಖರವಾಗಿ ಬಳಸಿದವರು ಯಾರು ಅಂತ ನನ್ನನ್ನು ಕೇಳಿದರೆ, ಆ ಹಿರಿಯರು. ಇಕಾಮಾ ಅಂದರೆ ವಿದೇಶಿ ಕೆಲಸಗಾರರ ವಾಸದ ಪರವಾನಗಿ. ಅದು ಮಾಲೀಕನ ಪ್ರಾಯೋಜಕತ್ವಕ್ಕೆ ಕಟ್ಟಿದ್ದು. ಕಫಾಲಾ ಅಂತ ಕರೆಯುವ ಆ ವ್ಯವಸ್ಥೆಯನ್ನು ಸೌದಿ ಸರ್ಕಾರ 2021ರ ಮಾರ್ಚಿನಲ್ಲಿ ಸ್ವಲ್ಪ ಸಡಿಲಿಸಿತು. ಕೆಲವು ಷರತ್ತುಗಳೊಂದಿಗೆ ಕೆಲಸ ಬದಲಾಯಿಸಬಹುದು, ಊರಿಗೆ ಹೋಗಿಬರುವ ಅನುಮತಿಯನ್ನು ತಾವೇ ಪಡೆಯಬಹುದು ಅಂತಾಯಿತು. ಒಳ್ಳೆಯದೇ. ಆದರೂ ವಾಸ ಕೆಲಸಕ್ಕೆ ಜೋತುಬಿದ್ದೇ ಇದೆ. ‘ಐ ಲಿವ್’ ಅನ್ನುವ ಮಾತಿನ ಒಳಗೆ ‘ನಾಳೆಯೂ’ ಅನ್ನುವ ಪದ ಅಡಗಿದೆ ಅಂತಾದರೆ, ಆ ನಾಳೆ ಇನ್ನೊಬ್ಬರ ಸಹಿಯಲ್ಲಿದ್ದಾಗ ಅದನ್ನು ನೀವು ನಿಮ್ಮದು ಅಂತ ಹೇಗೆ ಹೇಳ್ತೀರಿ? ಸಿಂಪಲ್ ಪ್ರೆಸೆಂಟ್ ಅನ್ನೋದು ಒಂಥರಾ ಆಸ್ತಿ. ನಾಳೆ ತಮ್ಮ ಕೈಯಲ್ಲಿದೆ ಅಂತ ನಂಬಬಲ್ಲವರು ಅದನ್ನು ಯೋಚನೆ ಮಾಡದೆ ಖರ್ಚು ಮಾಡ್ತಾರೆ. ಬೆಂಗಳೂರಿನಲ್ಲಿ ಹನ್ನೊಂದು ತಿಂಗಳ ಅಗ್ರಿಮೆಂಟಿನ ಬಾಡಿಗೆ ಮನೆಯಲ್ಲಿರೋರು ‘ನಮ್ಮ ಮನೆ’ ಅನ್ನೋ ಮೊದಲು ಅರೆಕ್ಷಣ ತಡೆಯುವುದನ್ನು ನೀವೂ ನೋಡಿರ್ತೀರಿ.

ಹಾಗಾದರೆ ಖಾತ್ರಿ ಇರೋದನ್ನು ಮಾತ್ರ ಹೇಳಬೇಕಾ? ಇಲ್ಲಿ ನನಗೆ ಇನ್ನೊಬ್ಬ ಸಹೋದ್ಯೋಗಿ ನೆನಪಾಗ್ತಾನೆ. ಹೊಸಪೇಟೆ ಕಡೆಯ ಹುಡುಗ, ಹದಿನೈದು ವರ್ಷದಿಂದ ದಿನಕ್ಕೊಂದು ಪ್ಯಾಕ್ ಸಿಗರೇಟು. ಬಿಟ್ಟು ಒಂಬತ್ತು ದಿನ ಆಗಿತ್ತು. ಅಷ್ಟರಲ್ಲಿ ವಾರ್ಷಿಕ ಆರೋಗ್ಯ ತಪಾಸಣೆ ಬಂತು. ಫಾರ್ಮಿನಲ್ಲಿ ಪ್ರಶ್ನೆ: ಡು ಯು ಸ್ಮೋಕ್? ಎದುರಿಗೆ ಎರಡೇ ಚೌಕ, ಯೆಸ್, ನೋ. ಪೆನ್ನು ಹಿಡಿದು ಕೂತು ನನ್ನ ಕಡೆ ನೋಡಿದ. ‘ಸುಳ್ಳಾಗುತ್ತೇನಲೇ?’

ಡೇಟಾ ಸೈಂಟಿಸ್ಟಿನ ಉತ್ತರ ಸುಲಭ. ಹದಿನೈದು ವರ್ಷದ ಎದುರು ಒಂಬತ್ತು ದಿನ ಅಂದರೆ ಏನೂ ಅಲ್ಲ, ಯಾವ ಮಾಡೆಲ್ಲಾದರೂ ‘ಯೆಸ್’ ಅನ್ನುತ್ತೆ. ಬಿಟ್ಟವರಲ್ಲಿ ಎಷ್ಟೋ ಜನ ಮತ್ತೆ ಹಚ್ಚುತ್ತಾರೆ ಅನ್ನೋದೂ ಗೊತ್ತಿರುವ ವಿಷಯವೇ. ಆದರೆ ಅವನು ನನ್ನನ್ನು ಕೇಳಿದ್ದು ಇಂಗ್ಲಿಷಿನಲ್ಲಿ ಅಲ್ಲ. ಕನ್ನಡದಲ್ಲಿ ಅದರ ಉತ್ತರ ‘ಸೇದಲ್ಲ’. ಆ ‘ಸೇದಲ್ಲ’ ಅನ್ನುವ ಪದವನ್ನು ಎರಡು ನಿಮಿಷ ನೋಡಿ. ಸೇದುವ ಅಭ್ಯಾಸ ಇಲ್ಲ ಅನ್ನೋದೂ ಅದೇ, ಇನ್ನು ಸೇದುವುದಿಲ್ಲ ಅನ್ನೋದೂ ಅದೇ. ವರದಿ ಮತ್ತು ಪಣ ಎರಡಕ್ಕೂ ಒಂದೇ ಮಾತು. ಇಂಗ್ಲಿಷಿನಲ್ಲಿ ‘ಐ ಡೋಂಟ್’ ಬೇರೆ, ‘ಐ ವೋಂಟ್’ ಬೇರೆ. ಒಂದನ್ನು ಇತಿಹಾಸದಿಂದ ಸಾಬೀತು ಮಾಡಬೇಕು, ಇನ್ನೊಂದನ್ನು ಮುಂದೆ ನಡೆಸಿ ತೋರಿಸಬೇಕು. ಕನ್ನಡದವನು ‘ಸೇದಲ್ಲ’ ಅಂದಾಗ ಅವನ ಹಿಂದಿನ ಹದಿನೈದು ವರ್ಷ ತೆಗೆದು ತೋರಿಸಿ ಸುಳ್ಳ ಅನ್ನೋಕೆ ಆಗಲ್ಲ. ಅವನು ಸುಳ್ಳನಾಗೋದು ನಾಳೆ ಸೇದಿದರೆ ಮಾತ್ರ. ಅವನು ‘ನೋ’ ಚೌಕಕ್ಕೆ ಟಿಕ್ ಹಾಕಿ, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಬಿಟ್ಟ ತಾರೀಖು ಬರೆದ. ಒಳಗೆ ನರ್ಸ್ ಅರಬ್ಬಿಯಲ್ಲಿ ಕೇಳಿದರಂತೆ, ‘ತುದಖ್ಖಿನ್?’ ಅದೇ ಮುದಾರಿ ರೂಪ. ಸೇದ್ತೀಯಾ, ಸೇದುವೆಯಾ, ಏನು ಬೇಕಾದರೂ ಆಗಬಹುದು. ‘ಲಾ’ ಅಂದನಂತೆ, ಇಲ್ಲ ಅಂತ.

ತಾರೀಖು ಬರೆದದ್ದು ನನಗೆ ಬಹಳ ಇಷ್ಟವಾಯ್ತು. ಡಾಕ್ಟರಿಗೆ ಬೇಕಾದ ಲೆಕ್ಕವನ್ನೂ ಕೊಟ್ಟ, ತನ್ನ ಮಾತನ್ನೂ ಬಿಟ್ಟುಕೊಡಲಿಲ್ಲ.

ಮಾತು ಆಡುವುದೇ ಒಂದು ಕೆಲಸ ಮಾಡಿದಂತೆ ಅನ್ನೋದನ್ನು ಆಕ್ಸ್‌ಫರ್ಡಿನ ಜೆ. ಎಲ್. ಆಸ್ಟಿನ್ 1955ರ ಉಪನ್ಯಾಸಗಳಲ್ಲಿ ವಿವರಿಸಿದ. ‘ಐ ಪ್ರಾಮಿಸ್’ ಅನ್ನೋದು ಪ್ರಾಮಿಸಿನ ವರ್ಣನೆ ಅಲ್ಲ, ಅದೇ ಪ್ರಾಮಿಸು. ಅವನ ಉದಾಹರಣೆಗಳಲ್ಲಿ ಎದ್ದು ಕಾಣುವುದು ಉತ್ತಮ ಪುರುಷದ ಸಿಂಪಲ್ ಪ್ರೆಸೆಂಟ್. ಇಂಗ್ಲಿಷಿನವರಿಗೆ ಮಾತು ಕಟ್ಟಿಕೊಳ್ಳುವ ಕಾಲ ಅದು. ರಾಬಿಗ್‌ನಲ್ಲಿ ಕಿವಿ ಕೊಟ್ಟರೆ ಬೇರೆಯೇ ಕೇಳುತ್ತೆ. ಇಸ್ಲಾಮಿ ಕಾನೂನಿನ ಪರಂಪರೆಯಲ್ಲಿ ವ್ಯಾಪಾರ, ನಿಕಾಹ್ ಎರಡರಲ್ಲೂ ಕರಾರಿನ ಮಾತು ಸಾಮಾನ್ಯವಾಗಿ ಭೂತಕಾಲದಲ್ಲಿ: ‘ಕಬಿಲ್ತು’, ಒಪ್ಪಿದೆ. ಒಪ್ಪುತ್ತೇನೆ ಅಂದರೆ ಮುಂದೆ ಯಾವಾಗಲೋ ಅನ್ನುವ ಅನುಮಾನಕ್ಕೆ ಜಾಗ ಉಳಿಯುತ್ತೆ, ಒಪ್ಪಿದೆ ಅಂದರೆ ಮುಗೀತು. ನಾವೂ ಅಷ್ಟೇ. ಸಂತೆಯಲ್ಲಿ ಎಮ್ಮೆಯ ಚೌಕಾಸಿ ಮುಗಿಯುವುದು ‘ಕೊಡ್ತೀನಿ’ ಅಂದಾಗ ಅಲ್ಲ, ‘ಆಯ್ತು, ಕೊಟ್ಟೆ’ ಅಂದಾಗ. ಅಮ್ಮ ಕರೆದರೆ ಕೂತಲ್ಲಿಂದ ಕದಲದೆ ‘ಬಂದೆ’ ಅಂತೀವಿ. ಜುಹ್ಫಾದಲ್ಲಿ ಯಾತ್ರಿಕರು ‘ಲಬ್ಬೈಕ್’ ಅಂತ ಕೂಗುವಾಗ ಅದರ ಅರ್ಥ ಯಾರೋ ಇಂಗ್ಲಿಷಿನಲ್ಲಿ ‘ಹಿಯರ್ ಐ ಆಮ್’ ಅಂತ ಹೇಳಿದರು. ನನಗೆ ಕನ್ನಡದಲ್ಲಿ ಹೊಳೆದದ್ದು ‘ಬಂದೆ’. ಇನ್ನೂ ಮಕ್ಕಾ ಮುಟ್ಟಿಲ್ಲ, ದಾರಿ ಬಹಳ ಇದೆ, ಆದರೂ ಬಂದೆ. ಮನೆಯಿಂದ ಹೊರಡುವಾಗ ಮಾತ್ರ ನಾವು ಇದಕ್ಕೆ ಉಲ್ಟಾ: ಹೋಗ್ತಾ ‘ಬರ್ತೀನಿ’ ಅಂತೀವಿ. ಗಲ್ಫಿಗೆ ಹೊರಟವರು ಏರ್‌ಪೋರ್ಟಿನಲ್ಲಿ ಹೇಳೋದೂ ಅದೇ ಪದ.

ನಮ್ಮ ಬಗ್ಗೆ ನಾವು ಈ ಕಾಲವನ್ನು ಸ್ವಲ್ಪ ಧಾರಾಳವಾಗಿ ಬಳಸಿದರೆ ತಪ್ಪಿಲ್ಲ ಅಂತ ನನಗನ್ನಿಸೋದು ಇದಕ್ಕೇ. ‘ನಾನು ಬೆಳಿಗ್ಗೆ ಓಡ್ತೀನಿ’ ಅಂತ ಮೂರನೇ ದಿನವೇ ಹೇಳೋನು ಜಂಬದವನಾಗಿ ಕಾಣಬಹುದು, ಆದರೆ ಆ ಮಾತಿನ ಸಾಲ ತೀರಿಸಬೇಕಾದವನು ಅವನೇ. ಬೇರೆಯವರ ಬಗ್ಗೆ ಹೇಳುವಾಗ ಸಾಲ ಮಾಡೋರು ನಾವು, ತೀರಿಸೋರು ಅವರು. ‘ಅವನು ಸುಳ್ಳು ಹೇಳಿದ’ ಅನ್ನಿ, ಯಾವಾಗ, ಯಾರ ಹತ್ರ, ಏನು ಸುಳ್ಳು ಅಂತ ಎದುರಿನವರು ಕೇಳಬಹುದು, ನೀವು ಉತ್ತರ ಕೊಡಬೇಕಾಗುತ್ತೆ. ‘ಅವನು ಸುಳ್ಳು ಹೇಳ್ತಾನೆ’ ಅನ್ನಿ, ಯಾರೂ ಏನೂ ಕೇಳಲ್ಲ. ಎರಡನೆಯದು ದೊಡ್ಡ ಆರೋಪ, ಆದರೆ ಅದಕ್ಕೆ ಬೇಕಾಗುವ ಸಾಕ್ಷಿ ಕಡಿಮೆ. ನ್ಯಾಯವಾಗಿ ನೋಡಿದರೆ ಉಲ್ಟಾ ಇರಬೇಕಿತ್ತು.

ಗುಂಪಿನ ಬಗ್ಗೆ ಮಾತಾಡುವಾಗ ಇದು ಇನ್ನೂ ಅಪಾಯ. ಭಾಷಾವಿಜ್ಞಾನಿಗಳು ಇಂಥ ವಾಕ್ಯಗಳಿಗೆ ಜೆನೆರಿಕ್ ಅಂತ ಹೆಸರಿಟ್ಟಿದ್ದಾರೆ. ಗ್ರೆಗ್ ಕಾರ್ಲ್ಸನ್ 1977ರ ತನ್ನ ಪಿಎಚ್‌ಡಿ ಪ್ರಬಂಧದಲ್ಲಿ ಇವುಗಳ ಬೆನ್ನು ಹತ್ತಿದ. ಆಮೇಲೆ ಸಾರಾ-ಜೇನ್ ಲೆಸ್ಲಿ ಎಂಬ ತತ್ವಶಾಸ್ತ್ರಜ್ಞೆ ಒಂದು ವಿಚಿತ್ರವನ್ನು ಎತ್ತಿ ತೋರಿಸಿದರು. ನಮ್ಮ ಊರಿನ ಉದಾಹರಣೆಯಲ್ಲೇ ಹೇಳೋದಾದರೆ, ‘ಸೊಳ್ಳೆಗಳು ಡೆಂಗ್ಯೂ ಹರಡುತ್ತವೆ’ ಅನ್ನೋದನ್ನು ಎಲ್ಲರೂ ಒಪ್ತೀವಿ. ಹರಡೋದು ಈಡಿಸ್ ಜಾತಿಯವು ಮಾತ್ರ, ಅದರಲ್ಲೂ ಹೆಣ್ಣು, ಅದರಲ್ಲೂ ವೈರಸ್ ತಗುಲಿದವು. ಬಹುಪಾಲು ಸೊಳ್ಳೆಗಳು ಈ ವಿಷಯದಲ್ಲಿ ನಿರಪರಾಧಿಗಳು. ಆದರೂ ವಾಕ್ಯ ನಿಲ್ಲುತ್ತೆ, ಯಾಕಂದ್ರೆ ವಿಷಯ ಭಯಂಕರವಾಗಿದ್ದರೆ ಕೆಲವೇ ಉದಾಹರಣೆ ಸಾಕು ಅಂತ ನಮ್ಮ ತಲೆ ಒಪ್ಪಿಬಿಡುತ್ತೆ. ಸೊಳ್ಳೆಯ ವಿಷಯದಲ್ಲಿ ಇದು ನಮ್ಮ ಜೀವ ಉಳಿಸುತ್ತೆ. ಅದೇ ತಲೆ, ಅದೇ ವ್ಯಾಕರಣ, ಲೇಬರ್ ಕ್ಯಾಂಪಿನಲ್ಲಿ ‘ಆ ದೇಶದವರು ಕದೀತಾರೆ’ ಅನ್ನುವಾಗಲೂ ಕೆಲಸ ಮಾಡುತ್ತೆ. ಒಬ್ಬ ಕದ್ದಿರ್ತಾನೆ. ಕದಿಯದ ನೂರು ಜನರನ್ನು ಎದುರಿಗೆ ನಿಲ್ಲಿಸಿದರೂ ಆ ವಾಕ್ಯಕ್ಕೆ ಗೀರೂ ಬೀಳಲ್ಲ. ‘ಹೂಂ, ಇವರು ಒಳ್ಳೆಯವರು, ಆದ್ರೂ ಅವರು ಕದೀತಾರೆ’ ಅಂತಾರೆ. ‘ಎಲ್ಲರೂ’ ಅಂದಿದ್ದರೆ ಒಬ್ಬನನ್ನು ತೋರಿಸಿ ಉರುಳಿಸಬಹುದಿತ್ತು. ‘ಶೇಕಡಾ ಇಷ್ಟು’ ಅಂದಿದ್ದರೆ ಲೆಕ್ಕ ಕೇಳಬಹುದಿತ್ತು. ಬರೀ ‘ಕದೀತಾರೆ’ಗೆ ಹಿಡಿಕೆಯೇ ಇಲ್ಲ.

ನನ್ನ ಕಸುಬಿನವರು ಇದರಿಂದ ಹೊರಗೆ ಅಂದುಕೊಳ್ಳಬೇಡಿ. ನಮ್ಮದು ಇದೇ ಕಾರ್ಖಾನೆ, ಸ್ವಲ್ಪ ದೊಡ್ಡದು ಅಷ್ಟೇ. ಮಾಡೆಲ್ ಕಲಿಯೋದು ಭೂತಕಾಲದ ಡೇಟಾದಿಂದ, ಅದು ಬಳಕೆಯಾಗೋದು ಭವಿಷ್ಯದ ಮೇಲೆ, ನಾವು ರಿಪೋರ್ಟ್ ಬರೆಯೋದು ಸಿಂಪಲ್ ಪ್ರೆಸೆಂಟಿನಲ್ಲಿ. ‘ಈ ಥರದ ಗ್ರಾಹಕರು ಸಾಲ ತೀರಿಸುವುದಿಲ್ಲ.’ ತೀರಿಸಲಿಲ್ಲ ಅನ್ನೋದು ಡೇಟಾ. ತೀರಿಸಲಿಕ್ಕಿಲ್ಲ ಅನ್ನೋದು ಊಹೆ. ‘ತೀರಿಸುವುದಿಲ್ಲ’ ಅನ್ನೋದು ಎರಡನ್ನೂ ಅಂಟಿಸಿ ಮೇಲೆ ಬಣ್ಣ ಬಳಿದ ಮಾತು. ನಿನ್ನೆಯವರೆಗೆ ಹೀಗಿತ್ತು ಅನ್ನೋದರಿಂದ ನಾಳೆಯೂ ಹೀಗೇ ಅಂತ ಹೇಳೋಕೆ ತರ್ಕದಲ್ಲಿ ಆಧಾರ ಇಲ್ಲ ಅಂತ ಡೇವಿಡ್ ಹ್ಯೂಮ್ ಹದಿನೆಂಟನೇ ಶತಮಾನದಲ್ಲೇ ಹೇಳಿಟ್ಟಿದ್ದಾನೆ. ಹ್ಯೂಮನನ್ನು ಓದದಿದ್ದರೂ ನಮ್ಮ ಟೀಮುಗಳಲ್ಲಿ ಅದಕ್ಕೊಂದು ಹೆಸರಿದೆ, ಡ್ರಿಫ್ಟ್. ಜಗತ್ತು ಸರಿದುಹೋಗಿರುತ್ತೆ, ಮಾಡೆಲ್ ನಿಂತಲ್ಲೇ ನಿಂತಿರುತ್ತೆ. ಪಂಪಿಗೆ ಹೀಗಾದರೆ ನಾವು ತಕ್ಷಣ ಮಾಡೆಲ್ಲನ್ನು ಹೊಸ ಡೇಟಾದಿಂದ ಮತ್ತೆ ಕಲಿಸ್ತೀವಿ, ಯಾಕಂದ್ರೆ ಪಂಪು ಕೆಟ್ಟರೆ ನಷ್ಟ ಕಂಪನಿಗೆ. ಸಾಲ ಸಿಗದೆ ಹೋದವನಿಗೆ ತಾನು ಬದಲಾಗಿದ್ದೇನೆ ಅಂತ ತೋರಿಸುವ ಅವಕಾಶವೇ ಸಿಗಲ್ಲ. ಕೊ‌ಡದ ಸಾಲವನ್ನು ತೀರಿಸಿದ ಡೇಟಾ ಎಲ್ಲಿಂದ ಬರಬೇಕು?

ರಾಬಿಗ್‌ನ ಆ ಲಾಗ್‌ಗೆ ಕೊನೆಗೆ ನಾವು ಮಾಡಿದ್ದು ಬಹಳ ಸಣ್ಣ ಕೆಲಸ. ಭಾಷೆ ತಿದ್ದಲು ಹೋಗಲಿಲ್ಲ. ಪ್ರತಿ ಸಾಲಿನ ಮುಂದೆ ಒಂದು ಖಾನೆ ಸೇರಿಸಿದೆವು: ನೋಡಿದ್ದು ಎಷ್ಟು ಗಂಟೆಗೆ? ನೋಡಿಲ್ಲದಿದ್ದರೆ ಖಾಲಿ ಬಿಡಿ. ಮೊದಲ ವಾರ ಎಲ್ಲರೂ ಗೊಣಗಿದರು. ಆಮೇಲೆ ಖಾಲಿ ಬಿಟ್ಟ ಖಾನೆಗಳೇ ಹೆಚ್ಚು ಮಾತಾಡತೊಡಗಿದವು. ‘ವಾಲ್ವ್ ಕ್ಲೋಸಸ್’, ಮುಂದೆ ಖಾಲಿ. ಬೆಳಗಿನ ಪಾಳಿಯವರು ಟಾರ್ಚ್ ತಗೊಂಡು ಹೋಗಿ ನೋಡೋರು.

ಮನುಷ್ಯರ ವಿಷಯದಲ್ಲಿ ಇಂಥ ಖಾನೆ ಸೇರಿಸೋದು ಅಷ್ಟು ಸುಲಭ ಅಲ್ಲ. ಊರಿಗೆ ವಾಪಸ್ ಬಂದು ಬೆಂಗಳೂರಿನಲ್ಲಿ ಮನೆ ಹುಡುಕುವಾಗ ಜೊತೆಗೊಬ್ಬ ಗೆಳೆಯ ಇದ್ದ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದವರಿಗೆಲ್ಲ ಆ ಪ್ರಶ್ನೆ ಗೊತ್ತು. ಓನರ್ ಬಾಗಿಲಲ್ಲೇ ನಿಂತು, ಹೆಸರು ಕೇಳಿ, ಊರು ಕೇಳಿ, ಸ್ವಲ್ಪ ತಡೆದು ಕೇಳ್ತಾರೆ: ‘ನೀವು ನಾನ್‌ವೆಜ್ ತಿಂತೀರಾ?’ ತಟ್ಟೆಯಲ್ಲಿ ಏನಿತ್ತು ಅಂತಲ್ಲ ಪ್ರಶ್ನೆ. ನೀವು ಯಾವ ಜನ ಅಂತ. ಮೂರು ಮನೆಗಳಲ್ಲಿ ಇದೇ ಆಗಿತ್ತು. ನಾಲ್ಕನೇ ಮನೆಯ ಯಜಮಾನರು, ವಯಸ್ಸಾದವರು, ಮಾತು ಮೆತ್ತಗೆ. ಅವರೂ ಕೇಳಿದರು, ‘ತಿಂತೀರಾ?’

ಗೆಳೆಯ ಅಷ್ಟೇ ಮೆತ್ತಗೆ, ‘ಬೆಳಿಗ್ಗೆ ಎರಡು ಇಡ್ಲಿ ತಿಂದೆ ಸರ್’ ಅಂದ.

ಮನೆ ಸಿಗಲಿಲ್ಲ. ಆದರೆ ಆ ಯಜಮಾನರು ಬಾಗಿಲು ಹಾಕುವ ಮೊದಲು ಒಂದು ಕ್ಷಣ ಏನೋ ಹೇಳಲು ಹೊರಟು, ಹೇಳದೆ, ಅವನ ಮುಖವನ್ನೇ ನೋಡ್ತಾ ನಿಂತಿದ್ದರು.